ಪಕ್ಕದ ಮನೆಯವರ ಪಾಲು

ಓಣಿಯ ಹಸಿದವರು ಯಾರು ಬೇಕಾದರೂ ಪುಕ್ಕಟೆಯಾಗಿ ಒಯ್ಯಲಿ ಎಂದು ಅಳಿಲಕ್ಕ ಒಂದು ರೊಟ್ಟಿಯ ಕಪಾಟು ತೆರೆದಳು. ಯಾರೂ ಬರಲಿಲ್ಲ, ರೊಟ್ಟಿಗಳು ಒಣಗುತ್ತಿದ್ದವು. ಕೊನೆಗೆ, ನಿನ್ನೆಯಿಂದ ಏನೂ ತಿನ್ನದ ಬೆಕ್ಕು ಬಂತು.

“ಊಟ ಆಯ್ತಾ, ಬೆಕ್ಕಮ್ಮ?”

“ಓ, ಆಗಲೇ ಆಯ್ತು,” ಎನ್ನುತ್ತ ಬೆಕ್ಕು ಒಂದು ರೊಟ್ಟಿ ಎಳೆದುಕೊಂಡಿತು. “ಇದು ಪಕ್ಕದ ಮನೆ ನಾಯಣ್ಣನಿಗೆ. ಪಾಪ, ಕೇಳೋಕೆ ಅವನಿಗೆ ಸಂಕೋಚ.”

“ಬೆಳಿಗ್ಗೆ ತಾನೇ ನಿಮ್ಮನ್ನ ಅಟ್ಟಿಸಿಕೊಂಡು ಬಂದು ಮರ ಹತ್ತಿಸಿದನಲ್ಲ?”

“ಹೊಟ್ಟೆಗಿಲ್ಲದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತೆ.”

ಅಷ್ಟರಲ್ಲಿ ನಾಯಿಯೇ ಬಂತು. ಮೂಲೆಯಲ್ಲಿದ್ದ ಬೆಕ್ಕನ್ನು ಅದು ನೋಡಲಿಲ್ಲ.

“ನನ್ನ ಊಟ ಆಯ್ತು, ಅಳಿಲಕ್ಕ. ಪಕ್ಕದ ಮನೆ ಬೆಕ್ಕಮ್ಮನಿಗೆ ಒಂದು ರೊಟ್ಟಿ ಕೊಟ್ಟರೆ ತಲುಪಿಸ್ತೀನಿ. ಸ್ವಾಭಿಮಾನಿ ಹೆಂಗಸು, ತಾನಾಗಿ ಬರಲ್ಲ.”

ಅಳಿಲಕ್ಕ ನಗದೆ ರೊಟ್ಟಿ ಕೊಟ್ಟಳು. “ಇಬ್ಬರೂ ಇಲ್ಲೇ ಇದ್ದೀರಲ್ಲ, ತಲುಪಿಸಿಬಿಡಿ.”

ಬೆಕ್ಕು, ನಾಯಿ ಗಂಭೀರವಾಗಿ ರೊಟ್ಟಿ ಬದಲಾಯಿಸಿಕೊಂಡು, ಒಂದರ ಮುಖ ಒಂದು ನೋಡದೆ, ಚೂರೂ ಬಿಡದೆ ತಿಂದವು.

ಮರುದಿನದಿಂದ ಅಳಿಲಕ್ಕ ಓಣಿಯಲ್ಲಿ ಕಂಡವರನ್ನೆಲ್ಲ ‘ಊಟ ಆಯ್ತಾ’ ಎಂದು ಕೇಳುವುದನ್ನೇ ಬಿಟ್ಟಳು. “ಪಕ್ಕದ ಮನೆಯವರದು ಊಟ ಆಯ್ತಂತಾ?” ಎಂದು ಕೇಳತೊಡಗಿದಳು. ಕಪಾಟು ಮಧ್ಯಾಹ್ನದೊಳಗೆ ಖಾಲಿಯಾಯಿತು.