ಹೊನ್ನಾಜಮ್ಮನ ಬೀಜದ ಗೋಡೆ

ಕಾಲು ಒದೆಯೋದು ನಿಲ್ಲಿಸಿದ್ರೆ ಹೇಳ್ತೀನಿ, ಇಲ್ಲಾಂದ್ರೆ ಇಲ್ಲ. ಹ್ಞಾ, ಹಾಗೆ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜೀಗೂ ಅಜ್ಜಿ ಹುಟ್ಟೋಕ್ ಮುಂಚೆ, ಹೊಳೆ ದಂಡೇಲಿ ಒಂದೂರಿತ್ತಂತೆ. ಒಂದ್ ವರ್ಷ ಹೊಳೆ ಉಕ್ಕಿ, ಮನೆಯೊಳಗೆಲ್ಲ ನುಗ್ಗಿ, ಬೀಜದ ಗಡಿಗೆಗಳನ್ನೆಲ್ಲ ಹೊತ್ಕೊಂಡ್ ಹೋಯ್ತಂತೆ. ಜನ ದಿಣ್ಣೆ ಮೇಲಿನ ಮಂಟಪಕ್ಕೆ ಓಡಿ ಜೀವ ಉಳಿಸ್ಕೊಂಡ್ರಂತೆ. ನೀರೇನೋ ಇಳೀತು, ಮೊಣಕಾಲುದ್ದ ಕೆಸರು ಉಳೀತು.

ಆಮೇಲೆ ಮೇಲೂರಿನ ಜನ ಕೆಸರು ಬಾಚಿಕೊಡೋಕೆ ಬಂದ್ರಂತೆ. ಯಾರೂ ಕರೆದಿರ್ಲಿಲ್ಲ, ಕೂಲೀನೂ ಇಲ್ಲ. ಅವರಲ್ಲಿ ಮೂವರು ಅಕ್ಕತಂಗೀರು, ದೊಡ್ತಾಯಿ, ನಿಂಗಾಜಿ, ಪುಟ್ನಂಜಿ. ಇವರ ಪಾಲಿಗೆ ಹೊನ್ನಾಜಮ್ಮ ಅನ್ನೋ ಮುದುಕಿ ಮನೆ ಬಂತಂತೆ. ಮುದುಕಿ ಜ್ವರ ಬಂದು ಮಂಟಪದಲ್ಲೇ ಮಲಗಿದ್ಲು. ದೊಡ್ಡೋಳು ಕೆಸರು ಹೊತ್ತು ಹಾಕಿದ್ಲು, ನಡುವಿನೋಳು ಪಾತ್ರೆ ತಿಕ್ಕಿದ್ಲು, ಚಿಕ್ಕೋಳು ಪುಟ್ನಂಜಿ ಗೋಡೆ ತೊಳೆಯೋಕೆ ನಿಂತ್ಲಂತೆ. ಅವಳಿಗೆ ಚೊಕ್ಕಟದ ಹುಚ್ಚು. ಗೋಡೆ ಮೇಲ್ಗಡೆ, ನೀರು ಮುಟ್ಟದ ಕಡೆ, ಸಗಣಿ ಉಂಡೆ ಸಾಲಾಗಿ ಮೆತ್ತಿತ್ತು. ಅಜ್ಜೀನ ಒಂದ್ ಮಾತು ಕೇಳೇ ಅಂದ್ರಂತೆ ಅಕ್ಕಂದಿರು. ಸಗಣಿ ಕೆರೆಯೋಕೂ ಅಪ್ಪಣೆ ಬೇಕಾ ಅಂತ ಇವಳು ಎಲ್ಲಾ ಕೆರೆದು, ಬೀದೀಲಿದ್ದ ಕೆಸರಿನ ಗುಡ್ಡೆಗೆ ಎಸೆದು, ಗೋಡೆಗೆ ಸುಣ್ಣಾನೂ ಬಳಿದ್ಲಂತೆ.

ಆಮೇಲೆ ಹೊನ್ನಾಜಮ್ಮ ಕೋಲೂರ್ಕೊಂಡು ಬಂದು, ಗೋಡೆ ನೋಡಿ ಅಲ್ಲೇ ಕೂತ್ಬಿಟ್ಲಂತೆ. ಬೈಲಿಲ್ಲ. ಬೀಜ ಕಣವ್ವಾ ಅದು, ಕುಂಬಳ, ಹೀರೆ, ಹಾಗಲ, ಹುಳ ಹಿಡೀಬಾರ್ದು ಅಂತ ಸಗಣೀಲಿ ಹುದುಗಿಸಿ ಮೆತ್ತಿದ್ದೆ, ಊರಿಗೆಲ್ಲಾ ಉಳಿದಿದ್ದ ಬೀಜ ಅದೊಂದೇ, ಈ ಸಲ ಏನ್ ಬಿತ್ತೋದು ಅಂದ್ಲಂತೆ. ಮೇಲೂರಲ್ಲಿ ಬೀಜ ಇಡೋದು ಒಣಗಿದ ಸೋರೆ ಬುರುಡೇಲಿ, ಪುಟ್ನಂಜಿಗೆ ಇದೆಲ್ಲಿ ಗೊತ್ತು. ನಾಚಿಕೆಯಾಗಿ ಅತ್ತೇಬಿಟ್ಲು. ಕೆಟ್ಟೋಳಲ್ಲ ಪಾಪ, ಕೈ ಸುಮ್ನಿರದೋಳು ಅಷ್ಟೆ.

ಗುಡ್ಡೇಲಿ ಕೈಹಾಕಿ ಹುಡುಕಿದ್ಲಂತೆ. ಊರ ಕೆಸರೆಲ್ಲ ಅಲ್ಲೇ, ಎಲ್ಲಿ ಸಿಗುತ್ತೆ. ಜರಡಿ ತಂದ್ಲಂತೆ, ಹಸಿಮಣ್ಣು ಜರಡಿ ಕಣ್ಣು ಮುಚ್ಚಿತು. ಆಮೇಲೆ ಮಣ್ಣನ್ನೇ ಹೊಳೇಲಿ ತೊಳೀತೀನಿ ಅಂತ ಪುಟ್ಟಿ ಎತ್ತಿದ್ಲು. ಮುದುಕಿ ಕೋಲು ಅಡ್ಡ ಹಿಡಿದು, ತೊಳೆದದ್ದು ಸಾಕು ಕಣೆ, ಸುಮ್ನೆ ಗುಡ್ಡೆ ಕಾದ್ಕೊಂಡ್ ಕೂತ್ಕೋ ಅಂದ್ಲಂತೆ. ಅಕ್ಕಂದಿರು ಹೊರಟೋದ್ರು, ಇವಳು ಹೋಗ್ಲಿಲ್ಲ. ಕೋಳಿ, ಮೇಕೆ ಓಡಿಸ್ಕೊಂಡು ಕೂತ್ಲಂತೆ. ಸುಮ್ನೆ ಕೂರೋದು ಅವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ.

ಒಂದ್ ಬೆಳಗ್ಗೆ ನೋಡ್ತಾಳೆ, ಗುಡ್ಡೆ ತುಂಬಾ ಜೋಡಿ ಎಲೆ ಮೊಳಕೆ. ಮುದುಕಿ ಎಲೆ ಮುಟ್ಟಿ ಮುಟ್ಟಿ, ಇದು ಕುಂಬಳ, ಇದು ಹೀರೆ ಅಂತ ಮನೆಮನೆಗೂ ಹಂಚಿದ್ಲಂತೆ. ಪುಟ್ನಂಜಿಗೂ ಒಂದ್ ಸಸಿ ಕೊಟ್ಲು. ಊರಿಗೆ ಹೋಗಿ ನೆಟ್ರೆ ಬಿಟ್ಟಿದ್ದು ಹಾಗಲಕಾಯಿ. ಮುದುಕಿ ಬೇಕಂತ್ಲೇ ಕೊಟ್ಟಿರ್ಬೇಕು ಅಂತೀನಿ ನಾನು.

ಆಮೇಲೆ ಮತ್ತೊಂದ್ ಸಲ ಹೊಳೆ ಬಂತಂತೆ. ಎಲ್ಲರಿಗಿಂತ ಮೊದಲು ಬಂದೋಳು ಪುಟ್ನಂಜೀನೇ. ಹೊಸಿಲಾಚೆ ನಿಂತು, ಅಜ್ಜಿ, ಏನೇನು ಮುಟ್ಬಾರ್ದು ಹೇಳಿ ಅಂದ್ಲಂತೆ. ಹೊನ್ನಾಜಮ್ಮ ಅವಳ ಕೈ ಹಿಡಿದು ಒಳಗೆ ಕರ್ಕೊಂಡ್ ಹೋಗಿ, ಸಗಣಿ ಉಂಡೆ ಸಾಲಿನ ಕೆಳಗೆ ಗೋಡೆಗೆ ಕೋಲಲ್ಲಿ ಒಂದ್ ಗೀಟು ಎಳೆದು, ಇದರ ಕೆಳಗಿಂದು ನಿಂದು ಮಗಳೇ, ಮೇಲಿಂದು ನನಗೆ ಬಿಡು ಅಂದ್ಲಂತೆ.

ಕತೆ ಮುಗೀತು. ಏನೋ, ನಿದ್ದೆ ಹೋದ್ಯಾ?