ಬೇಲದ ಚಿಪ್ಪಿನಲ್ಲಿ ಆಲದ ಮರ

ಒಂದು ಕಾಡಿನಲ್ಲಿ, ಮುಗಿಲು ಮುಟ್ಟುವ ಮರಗಳ ನಡುವೆ, ಸಣ್ಣದೊಂದು ಕೆರೆ ಇತ್ತು. ಆ ಕೆರೆಯಲ್ಲಿ ತುಂಗಕ್ಕ ಎಂಬ ಆಮೆ ಇದ್ದಳು. ಅವಳಿಗೆ ತಿನ್ನಲು ಪಾಚಿ ಇತ್ತು, ಮುಳುಗಲು ನೀರಿತ್ತು, ಬಿಸಿಲು ಕಾಯಿಸಿಕೊಳ್ಳಲು ದಡದಲ್ಲಿ ಒಂದು ಚಪ್ಪಟೆ ಬಂಡೆಯಿತ್ತು. ರಾತ್ರಿಯೆಲ್ಲ ನೀರಲ್ಲಿದ್ದು ಮರಗಟ್ಟಿದ ಮೈಗೆ ಬೆಳಿಗ್ಗೆ ಆ ಬಂಡೆಯ ಬಿಸಿ ತಾಗಿದ ಮೇಲೆಯೇ ಅವಳ ಕೈಕಾಲು ಆಡುತ್ತಿದ್ದವು.

ಆದರೆ ಒಂದು ಕೊರಗಿತ್ತು. ಕಾಡಿನಲ್ಲೇ ಹುಟ್ಟಿ ಬೆಳೆದರೂ ತುಂಗಕ್ಕ ಒಂದು ಮರದ ತುದಿಯನ್ನೂ ಕಂಡವಳಲ್ಲ. ಕತ್ತೆತ್ತಿದರೆ ಬೆನ್ನಿನ ಚಿಪ್ಪು ಅಡ್ಡ ಬರುತ್ತಿತ್ತು. ಅವಳು ಕಂಡಿದ್ದೆಲ್ಲ ಬುಡ, ಬೇರು, ಉದುರಿದ ಎಲೆ. ಅವಳ ಗೆಳತಿ ಚಿಟಕಿ ಎಂಬ ಅಳಿಲು ದಿನಾ ಮರದಿಂದ ಇಳಿದು ಬಂದು ಮೇಲಿನ ಸುದ್ದಿ ಹೇಳುತ್ತಿದ್ದಳು.

"ತುದೀಲಿ ಎಳೆ ಚಿಗುರು ಎಷ್ಟು ಚಂದ ಗೊತ್ತಾ ಅಕ್ಕ? ಬಿಸಿಲು ಬಿದ್ರೆ ಮಿರಿಮಿರಿ ಮಿಂಚುತ್ತೆ."

"ನನ್ನಷ್ಟೇ ಎತ್ತರದ ಮರ ಒಂದಿದ್ದಿದ್ರೆ ನಾನೂ ನೋಡ್ತಿದ್ದೆ ಕಣೇ" ಎಂದಳು ತುಂಗಕ್ಕ.

ಪೊದೆಯ ಹಿಂದೆ ಈ ಮಾತನ್ನು ಕೇಳಿಸಿಕೊಂಡವನು ನರಿ ನುಣ್ಣಪ್ಪ. ಹೆಸರಿಗೆ ತಕ್ಕ ಮಾತು ಅವನದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ತುಂಗಕ್ಕನ ಬಂಡೆಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿತ್ತು. ಅಲ್ಲಿ ಮಲಗಿದರೆ ಬೆನ್ನಿಗೆ ಬಿಸಿಲು, ಬಾಯಿಗೆ ಕೆರೆಯ ಏಡಿ. ಇನ್ನೇನು ಬೇಕು?

ಮಾರನೆಯ ಬೆಳಿಗ್ಗೆ ನುಣ್ಣಪ್ಪ ಒಂದು ಅರ್ಧ ಬೇಲದ ಚಿಪ್ಪನ್ನು ಕಚ್ಚಿಕೊಂಡು ಬಂದ. ಚಿಪ್ಪಿನ ತುಂಬ ಮಣ್ಣು, ಮಣ್ಣಿನ ಮೇಲೆ ಹಸಿರು ಪಾಚಿ, ನಡುವೆ ಸೊಂಟ ಡೊಂಕಾದ ಪುಟಾಣಿ ಆಲದ ಮರ. ತುಂಗಕ್ಕ ಉಸಿರು ಬಿಡುವುದನ್ನೇ ಮರೆತಳು.

"ಗುಡ್ಡದ ಮೇಲೆ ಬಂಡೆ ಸಂದಿಯಲ್ಲಿ ಸಿಕ್ಕಿತು ಅಕ್ಕ. ನೂರು ವರ್ಷದ ಮರ. ಮಣ್ಣು ಸಾಲದೆ ಹೀಗೇ ಕುಳ್ಳಗೆ ಉಳಿದುಬಿಟ್ಟಿದೆ. ನಿಮಗೇ ಅಂತ ಬೇರು ಸಮೇತ ಬಿಡಿಸಿ ತಂದೆ" ಎಂದ ನುಣ್ಣಪ್ಪ.

"ಇದಕ್ಕೆ ನಾನೇನು ಕೊಡ್ಬೇಕಪ್ಪ?"

"ಏನೂ ಬೇಡ. ಮೊದಲ ಮಳೆ ಬರೋವರೆಗೆ ಬದುಕಿಸಿಕೊಳ್ಳಿ, ಮರ ನಿಮ್ದೇ. ಅಷ್ಟರಲ್ಲಿ ಸತ್ತುಹೋದ್ರೆ ಮಾತ್ರ, ನೂರು ವರ್ಷದ ಮರ ನೋಡಿ, ಆ ಬಂಡೆ ನನಗೆ ಬಿಟ್ಟುಕೊಡಿ."

ನೀರು ಕುಡಿಯಲು ಬಂದಿದ್ದ ಕಡವೆಜ್ಜಿ ಅಲ್ಲೇ ನಿಂತು ಕೇಳುತ್ತಿದ್ದಳು. ಆ ಕಾಡಿನ ಜಗಳಗಳನ್ನೆಲ್ಲ ಬಗೆಹರಿಸುತ್ತಿದ್ದವಳು ಈ ಮುದಿ ಕಡವೆಯೇ. "ಯೋಚನೆ ಮಾಡಿ ಹೇಳಮ್ಮ ತುಂಗಾ" ಎಂದಳು. ತುಂಗಕ್ಕ ಯೋಚನೆ ಮಾಡಲಿಲ್ಲ. ಮರದ ತುದಿ ಅವಳ ಮೂಗಿನ ಮುಂದೆಯೇ ಇತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅವಳು ಅವಸರ ಮಾಡಿದಳು. "ಆಗಲಿ" ಎಂದುಬಿಟ್ಟಳು.

ನಿಜ ಹೇಳಬೇಕೆಂದರೆ ಅದು ಮರವೇ ಅಲ್ಲ. ನುಣ್ಣಪ್ಪ ಹಿಂದಿನ ಸಂಜೆ ಆಲದ ಕೊಂಬೆಯೊಂದನ್ನು ಮುರಿದು ಮಣ್ಣಿಗೆ ಸಿಕ್ಕಿಸಿದ್ದ. ಅದಕ್ಕೆ ಬೇರಿನ ಒಂದು ಎಳೆಯೂ ಇರಲಿಲ್ಲ. ವಾರ ಕಳೆಯುವುದರಲ್ಲಿ ಒಣಗುತ್ತದೆ, ಬಂಡೆ ನನ್ನದಾಗುತ್ತದೆ ಎಂದು ಬಾಲ ಕುಣಿಸುತ್ತ ಮನೆಗೆ ಹೋದ.

ಇತ್ತ ತುಂಗಕ್ಕ ಮರ ಸಾಕತೊಡಗಿದಳು. ಮರ ಸಾಕುವುದು ಅವಳಿಗೇನು ಗೊತ್ತು? ಆಮೆಗೆ ಹಿತವಾದದ್ದೆಲ್ಲ ಮರಕ್ಕೂ ಹಿತ ಎಂದುಕೊಂಡಳು. ದಿನಾ ಚಿಪ್ಪನ್ನು ಕೆರೆಗೆ ನೂಕಿ, ಮರವನ್ನು ಸೊಂಟದವರೆಗೆ ನೀರಲ್ಲಿ ಕೂರಿಸಿದಳು. ಚಳಿಯಾದೀತೆಂದು ಮೇಲೆ ಕೆಸರು ಹೊದಿಸಿದಳು. ಬುಡದಲ್ಲಿ ಒಂದು ಹುಳ ಇಟ್ಟು "ತಿನ್ನು ಕಂದ, ನಾಚ್ಕೋಬೇಡ" ಎಂದು ಉಪಚಾರ ಮಾಡಿದಳು. ಎಲೆಗಳು ಹಳದಿಯಾದವು. ಒಂದೊಂದಾಗಿ ಉದುರಿದವು. ಕೊನೆಗೆ ಬರೀ ಕಡ್ಡಿ ಉಳಿಯಿತು.

ತುಂಗಕ್ಕ ಅತ್ತಳು. ಬಂಡೆ ಕೈತಪ್ಪುತ್ತದೆಂಬ ಭಯ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ಮುದ್ದು ಮಾಡಿ ಸಾಕಿದ್ದು ತನ್ನ ಕಣ್ಣೆದುರೇ ಸಾಯುತ್ತಿದೆಯಲ್ಲ ಎಂಬ ಸಂಕಟ.

ಚಿಟಕಿ ಬಂದು ಮಣ್ಣು ಮೂಸಿ ಮುಖ ಹಿಂಡಿದಳು. "ಅಕ್ಕ, ಇದು ಆಮೆ ಮರಿಯಲ್ಲ, ಮರ. ನಾನು ಬಚ್ಚಿಟ್ಟ ಬೀಜನೂ ಒದ್ದೆ ಜಾಗದಲ್ಲಿ ಹೀಗೇ ಕೊಳೆಯುತ್ತೆ. ನಿಂತ ನೀರು ಆಚೆ ಹೋಗೋಕೆ ದಾರಿ ಎಲ್ಲಿದೆ ಹೇಳು?"

ಅವಳು ಚಿಪ್ಪನ್ನು ಓರೆ ಮಾಡಿ, ತಳವನ್ನು ಕಟಕಟ ಕಡಿದು ಒಂದು ತೂತು ಮಾಡಿದಳು. ಕೊಳಕು ನೀರೆಲ್ಲ ಇಳಿದುಹೋಯಿತು. ಆಮೇಲೆ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಚೂರೇ ಚೂರು ಕೆರೆದಳು. ಒಳಗೆ ಹಸಿರು ಕಂಡಿತು.

"ಇನ್ನೂ ಜೀವ ಇದೆ ಅಕ್ಕ" ಎಂದಳು. ತುಂಗಕ್ಕ ಕಣ್ಣೊರೆಸಿಕೊಂಡಳು.

ಅಂದಿನಿಂದ ಅವಳು ಮೊದಲು ಮಣ್ಣು ಮುಟ್ಟಿ ನೋಡುತ್ತಿದ್ದಳು. ಮೇಲೆ ಒಣಗಿದ್ದರೆ ಮಾತ್ರ ಬಾಯಲ್ಲಿ ನೀರು ತಂದು ಹನಿಸುತ್ತಿದ್ದಳು. ಬೆಳಿಗ್ಗೆ ಚಿಪ್ಪನ್ನು ಬಂಡೆಯ ಮೇಲೆ ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಬಿಸಿಲೇರಿದರೆ ಮೂಗಿನಿಂದ ನೂಕುತ್ತ ನೆರಳಿಗೆ ಹೊರಡುತ್ತಿದ್ದಳು. ಅವಳು ತಲುಪುವಷ್ಟರಲ್ಲಿ ನೆರಳೇ ಅವಳ ಹತ್ತಿರ ಬಂದಿರುತ್ತಿತ್ತು, ಆ ಮಾತು ಬೇರೆ.

ದಿನಗಳು ಹೋದವು. ಕಡ್ಡಿ ಕಡ್ಡಿಯಾಗಿಯೇ ಇತ್ತು. ಚಿಟಕಿಗೆ ತಾಳ್ಮೆ ಕಡಿಮೆ. "ಒಂದ್ಸಲ ಕಿತ್ತು ನೋಡೋಣ ಅಕ್ಕ, ಬೇರು ಹೇಗಿದೆ ಅಂತ" ಎಂದಳು.

"ಮಲಗಿರೋ ಮಗೂನ ಎಬ್ಬಿಸಿ, ನಿದ್ದೆ ಬಂತಾ ಅಂತ ಕೇಳ್ತಾರೇನೇ? ಸುಮ್ನಿರು" ಎಂದಳು ತುಂಗಕ್ಕ.

ಒಂದು ಸಂಜೆ ಗುಡುಗಿತು. ಮೊದಲ ಮಳೆ ಬಿತ್ತು. ಮರುದಿನ ಬೆಳಿಗ್ಗೆ ನುಣ್ಣಪ್ಪ ಕಡವೆಜ್ಜಿಯನ್ನೂ, ಕಾಡಿನ ನಾಲ್ಕಾರು ಜನರನ್ನೂ ಕೆರೆಯ ಹತ್ತಿರ ಸೇರಿಸಿದ. ತಾನು ಮಾತ್ರ ನೆಟ್ಟಗೆ ಹೋಗಿ ಬಂಡೆಯ ಮೇಲೆ ಕಾಲು ಚಾಚಿ ಮಲಗಿದ.

"ಎಲ್ಲಿ ಅಕ್ಕ, ನನ್ನ ನೂರು ವರ್ಷದ ಮರ? ಈ ಕಡ್ಡಿನಾ?"

"ಸತ್ತಿಲ್ಲಪ್ಪ. ತೊಗಟೆ ಒಳಗೆ ಹಸಿರಿದೆ. ಇನ್ನೊಂದು ಸ್ವಲ್ಪ ತಾಳು" ಎಂದಳು ತುಂಗಕ್ಕ.

ನುಣ್ಣಪ್ಪ ನಕ್ಕ. "ಎಷ್ಟು ತಾಳಿದ್ರೇನು? ಒಂದು ಬೇರೂ ಇಲ್ಲದ ಕೊಂಬೆ ಎಲ್ಲಾದ್ರೂ ಬದುಕುತ್ತಾ?"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಎಲ್ಲರೂ ಅವನತ್ತ ತಿರುಗಿದರು.

"ಬೇರಿಲ್ಲ ಅಂತ ನಿನಗೆ ಹೇಗಪ್ಪಾ ಗೊತ್ತು?" ಎಂದು ಕಡವೆಜ್ಜಿ ನಿಧಾನವಾಗಿ ಕೇಳಿದಳು. "ಬೇರು ಸಮೇತ ಬಿಡಿಸಿ ತಂದೆ ಅಂತ ನನ್ನ ಎದುರಿಗೇ ಹೇಳಿದ್ದೆಯಲ್ಲ?"

ನುಣ್ಣಪ್ಪನ ಬಾಲ ಕೆಳಗಿಳಿಯಿತು. "ಅಂದ್ರೆ... ಇವರು ಕೊಳೆಸಿರ್ತಾರೆ ಅಂದೆ ಅಜ್ಜಿ. ಬೇಕಾದ್ರೆ ನೀವೇ ನೋಡಿ" ಎಂದವನೇ ಹಾರಿ ಬಂದು ಕಡ್ಡಿಯನ್ನು ಕಚ್ಚಿ ಎಳೆದ.

ಕಡ್ಡಿಯೊಂದೇ ಬರಲಿಲ್ಲ. ಅದರ ಜೊತೆಗೆ ಮಣ್ಣೂ ಚಿಪ್ಪೂ ಮೇಲೆದ್ದವು. ತಳದ ತೂತಿನಿಂದ ಬೆಳ್ಳಗಿನ ಬೇರುಗಳು ಮುದುಕನ ಗಡ್ಡದ ಹಾಗೆ ಇಳಿಬಿದ್ದಿದ್ದವು. ಆಲದ ಗುಣವೇ ಅದು. ಮಣ್ಣು ಸಿಕ್ಕಿ, ಹದವಾಗಿ ನೀರು ಸಿಕ್ಕರೆ ಮುರಿದ ಕೊಂಬೆಯೂ ಬೇರು ಬಿಡುತ್ತದೆ. ಪಾಪ, ನುಣ್ಣಪ್ಪನಿಗೆ ಮೋಸ ಗೊತ್ತಿತ್ತು, ಮರ ಗೊತ್ತಿರಲಿಲ್ಲ.

ಕೆರೆಯ ದಡವೆಲ್ಲ ನಗುವಿನಿಂದ ತುಂಬಿಹೋಯಿತು. ಕಪ್ಪೆಗಳಂತೂ ನಗು ತಡೆಯಲಾರದೆ ನೀರಿಗೆ ಬಿದ್ದವು. ತುಂಗಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಅವಳು ಆ ಬೇರುಗಳನ್ನು ಮೂಗಿನಿಂದ ಮೆಲ್ಲಗೆ ಸವರಿದಳು.

"ಬಂಡೆಯೂ ನಿನ್ನದು, ಮರವೂ ನಿನ್ನದು" ಎಂದಳು ಕಡವೆಜ್ಜಿ. "ಈ ಮೋಸಗಾರನಿಗೆ ಏನು ಶಿಕ್ಷೆ ಕೊಡೋಣ, ನೀನೇ ಹೇಳು."

ತುಂಗಕ್ಕ ಈ ಸಲ ಚೆನ್ನಾಗಿ ಯೋಚನೆ ಮಾಡಿದಳು. "ಚಿಪ್ಪು ನೂಕಿ ನೂಕಿ ನನ್ನ ಮೂಗು ಸವೆದುಹೋಗಿದೆ ಅಜ್ಜಿ. ಬೆಳಿಗ್ಗೆ ಬಿಸಿಲಿಗೆ, ಮಧ್ಯಾಹ್ನ ನೆರಳಿಗೆ ಇನ್ಮೇಲೆ ಇವನೇ ಎತ್ತಿಡಲಿ. ನೂರು ವರ್ಷದ ಮರ ಅಂದಿದ್ದಾನಲ್ಲ, ಇದಕ್ಕೆ ನೂರು ತುಂಬೋವರೆಗೆ ಮಾಡಿದ್ರೆ ಸಾಕು."

"ನೂರು ವರ್ಷಾನಾ ಅಕ್ಕ?" ಎಂದು ನುಣ್ಣಪ್ಪ ಗೋಗರೆದ.

"ನನಗೇನೂ ಅವಸರ ಇಲ್ಲಪ್ಪ" ಎಂದಳು ತುಂಗಕ್ಕ.

ಮಳೆ ಹಿಡಿದ ಮೇಲೆ ಕಡ್ಡಿಯ ತುದಿಯಲ್ಲಿ ಚಿಗುರೊಡೆಯಿತು. ಅಡ್ಡಾದಿಡ್ಡಿ ಬೆಳೆದ ಚಿಗುರನ್ನು ಚಿಟಕಿ ಹಲ್ಲಿನಿಂದ ಕತ್ತರಿಸಿ ಮರವನ್ನು ಗುಂಡಗೆ, ಮುದ್ದಾಗಿ ಇಟ್ಟಳು. ತುಂಗಕ್ಕ ಅದರ ಸುತ್ತ ಒಂದು ಸುತ್ತು ಬಂದು ನೋಡುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ನೋಡಿದಷ್ಟೂ ಅವಳಿಗೆ ಸಾಲದು.

ನುಣ್ಣಪ್ಪ ಬೆಳಿಗ್ಗೆ ಮಧ್ಯಾಹ್ನ ತಪ್ಪದೆ ಬಂದು ಚಿಪ್ಪನ್ನು ಕಚ್ಚಿ ಎತ್ತಿಡುತ್ತಿದ್ದ. ಅಷ್ಟು ಹೊತ್ತಾದರೂ ಅವನ ಬಾಯಿಂದ ಒಂದು ಸುಳ್ಳೂ ಹೊರಡುತ್ತಿರಲಿಲ್ಲ.

ನೀತಿ: ಮೋಸ ಮಾಡಲು ಹೊರಟವನು ತನ್ನ ಮಾತಿನಲ್ಲೇ ಸಿಕ್ಕಿಬೀಳುತ್ತಾನೆ, ಅಕ್ಕರೆಯ ಜೊತೆ ತಾಳ್ಮೆಯೂ ಇದ್ದವರ ಕೈಯಲ್ಲಿ ಮುರಿದ ಕೊಂಬೆಯೂ ಚಿಗುರುತ್ತದೆ.