ಗಾಜಿನ ಮತಪೆಟ್ಟಿಗೆ ಮತ್ತು ನಾಣ್ಯ

ಸ್ಪೇನ್ ದೇಶದ ಒಂದು ಗುಡ್ಡಗಾಡು ಸೀಮೆಯಲ್ಲಿ ಪುರಸಭೆ ಚುನಾವಣೆ ಮುಗಿಯಿತು. ಒಂದು ಊರಿನಲ್ಲಿ ಮಾತ್ರ ಇಬ್ಬರು ಅಭ್ಯರ್ಥಿಗಳಿಗೂ ಸಮ ಮತ ಬಿದ್ದಿದ್ದರಿಂದ, ನಾಣ್ಯ ಚಿಮ್ಮಿ ಗೆದ್ದವರನ್ನು ಆರಿಸಿದರು. ಜನ ಆ ನಾಣ್ಯವನ್ನು ಮುಟ್ಟಿ ಮುಟ್ಟಿ ನೋಡಿದರು.

ಮೂಲೆಗೆ ಸರಿಸಿದ್ದ ಗಾಜಿನ ಮತಪೆಟ್ಟಿಗೆ ನಾಣ್ಯಕ್ಕೆ ಹೇಳಿತು: "ಬೆಳಗಿನಿಂದ ಇಡೀ ಊರನ್ನು ಹೊಟ್ಟೆಯಲ್ಲಿ ಹೊತ್ತವಳು ನಾನು. ನೀನು ಒಂದು ಸಲ ಪಲ್ಟಿ ಹೊಡೆದೆ, ಅಷ್ಟೇ."

"ನಿಜ ಅಕ್ಕ. ನೀನೇ ತೀರ್ಮಾನ ಕೊಟ್ಟಿದ್ದರೆ ನನ್ನನ್ನು ಜೇಬಿನಿಂದ ಯಾರು ತೆಗೆಯುತ್ತಿದ್ದರು?"

"ಹಾಗಂತ ನನಗೇನೂ ಹೊಟ್ಟೆಕಿಚ್ಚಿಲ್ಲ."

"ಅಕ್ಕ, ನಿನ್ನದು ಗಾಜಿನ ಹೊಟ್ಟೆ," ಎಂದಿತು ನಾಣ್ಯ. "ಚೀಟಿಗಳನ್ನೆಲ್ಲ ಆಗಲೇ ತೆಗೆದಿದ್ದಾರೆ. ಆದರೂ ಒಳಗೆ ಏನೋ ಉರಿಯುತ್ತಿರುವುದು ಇಲ್ಲಿಗೇ ಕಾಣುತ್ತಿದೆ."